ಬಂಟನ ನಾಲಿಗೆ

೧೦ ಜನವರಿ ೧೯೪೪, ಸೋಮವಾರ

ಹೊನ್ನೆಹಡ್ಲು ಎಸ್ಟೇಟಿಗೆ ಬಂದು ಇವತ್ತಿಗೆ ಆರು ತಿಂಗಳು. ಕಳಸದಿಂದ ಸಂಸೆಯ ದಾರಿ ಹಿಡಿದು ಬಂದು ಮತ್ತೊಂದು ಗುಡ್ಡ ಹತ್ತಿದರೆ ಈ ತೋಟ. ಇಲ್ಲಿ ಓದು ಬರಹ ಬಲ್ಲವರು ಮೂರೇ ಜನ: ಮಾಲೀಕರಾದ ಮಂಜಯ್ಯನವರು, ಲೆಕ್ಕ ಬರೆಯುವ ರೈಟರ್ ಶೇಷಪ್ಪ, ನಾನು. ದಿನವೂ ರಿಜಿಸ್ಟರಿನಲ್ಲಿ ‘ಸರ್ವಮಂಗಳಾ, ನರ್ಸ್’ ಎಂದು ಸಹಿ ಮಾಡುವಾಗ, ಈ ಹೆಸರಿನಿಂದ ಯಾರಾದರೂ ನನ್ನನ್ನು ಕರೆದು ಎಷ್ಟು ದಿನವಾಯಿತು ಅನ್ನಿಸುತ್ತದೆ. ಮಾತಾಡಲು ಯಾರೂ ಇಲ್ಲ. ಅದಕ್ಕೇ ಬರೆಯುವುದು.

ಇವತ್ತು ಡಿಸ್ಪೆನ್ಸರಿಗೆ ಬಂದವರು ಹನ್ನೊಂದು ಜನ. ಜ್ವರವೇ ಹೆಚ್ಚು. ಒಬ್ಬನಿಗೆ ಕತ್ತಿ ತಾಗಿತ್ತು, ಮೂರು ಹೊಲಿಗೆ ಹಾಕಿದೆ. ಕೊನೆಗೆ ಬಂದವಳು ಆಳುಗಳ ಸಾಲುಮನೆಗಳಲ್ಲಿ ಮೂರನೇ ಲೈನಿನ ಗಿಡ್ಡಮ್ಮ. ಐದು ತಿಂಗಳ ಹಿಂದೆ ಹೆತ್ತವಳು. ಗಂಡ ಯುದ್ಧದ ರಸ್ತೆ ಕೆಲಸಕ್ಕೆ ಅಸ್ಸಾಮಿಗೆ ಹೋಗಿದ್ದಾನೆ. ಕಾಫಿ ಕೊಯ್ಲಿನ ಬಿಸಿಲಿಗೆ ಅವಳ ಎರಡು ಮುಂಗೈ ಮತ್ತು ಕೊರಳ ಸುತ್ತ ಚರ್ಮ ಸುಟ್ಟ ಹಾಗೆ ಕಪ್ಪಾಗಿ ಸಿಪ್ಪೆ ಏಳುತ್ತಿದೆ. ಭೇದಿಯೂ ಇದೆಯಂತೆ. ಹಚ್ಚಿಕೊಳ್ಳಲು ಮುಲಾಮು, ಭೇದಿಗೆ ಪುಡಿ ಕೊಟ್ಟೆ. ಹೋದ ತಿಂಗಳೂ ಇದನ್ನೇ ಕೊಟ್ಟಿದ್ದೆ. ಏನು ಕೇಳಿದರೂ ನೆಲ ನೋಡುತ್ತಾಳೆ. ಲೈನಿನ ಜನಕ್ಕೆ ಹೇಳಿ ಪ್ರಯೋಜನವಿಲ್ಲ.

ಬಾಗಿಲು ಹಾಕಿ ಬರುವಾಗ ತೋಟದ ನಾಯಿಗಳಲ್ಲಿ ದೊಡ್ಡದು, ಬಂಟ ಎಂಬುದು, ನನ್ನ ಸೀರೆಯ ಅಂಚು ಮೂಸಿತು. ಮನೆಗೆ ಬಂದವಳೇ ಸ್ನಾನ ಮಾಡಿ, ಸೀರೆ ಹಿಂಡಿ ಹಾಕಿ, ಆಮೇಲೆ ಪೂಜೆಗೆ ಕುಳಿತೆ.

೧೪ ಜನವರಿ, ಶುಕ್ರವಾರ

ಸಂಕ್ರಾಂತಿ. ತರೀಕೆರೆಯ ಮನೆಯಲ್ಲಿ ಎಳ್ಳು ಬೀರುತ್ತಿರುತ್ತಾರೆ. ಗಂಡ ಸತ್ತವಳು ಎಳ್ಳು ಬೀರುವ ಹಾಗಿಲ್ಲವಾದ್ದರಿಂದ ಅಲ್ಲಿದ್ದರೂ ನಾನು ಒಳಕೋಣೆಯಲ್ಲೇ ಇರುತ್ತಿದ್ದೆ. ಇಲ್ಲಿ ಆ ತೊಂದರೆ ಇಲ್ಲ.

ಬೆಳಿಗ್ಗೆ ಭೂತಯ್ಯ ಬಂದ. ತೋಟದ ಐದು ನಾಯಿಗಳನ್ನು ನೋಡಿಕೊಳ್ಳುವ ಮುದುಕ. ಆಳುಗಳು ತೋಟದ ಮೇಲಿನ ಬ್ಲಾಕಿಗೆ ಕಾಫಿ ಹಣ್ಣು ಕೊಯ್ಯಲು ಹೊರಡುವ ಮೊದಲು ಇವನೂ ನಾಯಿಗಳೂ ಹೋಗಿ, ದಾರಿಯಲ್ಲಿ ನಿಂತ ಕಾಟಿಗಳನ್ನು ಕಾಡಿಗೆ ಅಟ್ಟಿ ಬರಬೇಕು. ಎತ್ತಿನ ಎರಡರಷ್ಟು ಗಾತ್ರದ ಆ ಕಾಡುಕೋಣಗಳು ಎರಡು ವರ್ಷದ ಹಿಂದೆ ಇಲ್ಲಿ ಒಬ್ಬ ಮೇಸ್ತ್ರಿಯನ್ನು ತಿವಿದು ಕೊಂದಿವೆಯಂತೆ. ಭೂತಯ್ಯ ಬಂಟನನ್ನು ಹಗ್ಗ ಹಿಡಿದು ತಂದಿದ್ದ.

“ಅಮ್ಮಾವ್ರೇ, ಇದು ಗಂಜಿ ಮುಟ್ಟದೆ ಎರಡು ದಿನ ಆಯ್ತು. ಬಾಯಲ್ಲಿ ಏನೋ ಆಗಿದೆ.”

“ನಾನು ಮನುಷ್ಯರಿಗೆ ಔಷಧ ಕೊಡೋಳು. ನಾಯಿಗಲ್ಲ.”

“ಔಷಧ ಬೇಡ ಬಿಡಿ. ನನ್ನ ಕಣ್ಣು ಮಂಜಾಗಿದೆ. ಒಳಗೆ ಏನು ಕಾಣ್ಸುತ್ತೆ ಅಂತ ನೋಡಿ ಹೇಳಿ, ಸಾಕು.”

ಹಾಗೆ ಕೇಳಿದ ಮೇಲೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ದೂರದಿಂದಲೇ ನೋಡುತ್ತೇನೆ ಅಂದೆ. ಭೂತಯ್ಯ ನಾಯಿಯ ಕಿವಿಯ ಹಿಂದೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ದವಡೆ ಬಿಡಿಸಿದ. ಮೊದಲು ಬಂದದ್ದು ವಾಸನೆ. ಕೊಳೆತ ಹುಣ್ಣಿನ ವಾಸನೆ ನನಗೆ ಹೊಸದಲ್ಲ, ಆದರೂ ಸೆರಗು ಮೂಗಿಗೆ ಹೋಯಿತು. ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ನಾಲಿಗೆ ಬಾತುಕೊಂಡು ಹಲ್ಲಿನ ಅಂಚಿಗೆ ಒತ್ತಿ, ಪ್ರತಿ ಹಲ್ಲಿನ ಗುರುತೂ ಅದರ ಮೇಲೆ ಮೂಡಿತ್ತು. ನಡುವೆ ಕೆಂಡದ ಕೆಂಪು, ಸುತ್ತ ಅಂಚೆಲ್ಲ ನೇರಳೆಹಣ್ಣು ತಿಂದ ಹಾಗೆ ನೀಲಿಗಪ್ಪು. ನಾಲಿಗೆ ಇಷ್ಟು ಬಣ್ಣವಾಗಬಲ್ಲದು ಅಂತ ನನಗೆ ಗೊತ್ತಿರಲಿಲ್ಲ.

ಅಷ್ಟು ನೋವಿದ್ದರೂ ನಾಯಿ ಗುರ್ ಅನ್ನಲಿಲ್ಲ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ಆ ನೋಟ ಈಗಲೂ ಮನಸ್ಸಿನಿಂದ ಹೋಗುತ್ತಿಲ್ಲ.

ಬಾಯಿ ತೊಳೆಯಲು ಪರ್ಮಾಂಗನೇಟ್ ನೀರು ಕೊಟ್ಟು ಕಳಿಸಿದೆ. ಎರಡು ಸಲ ಸ್ನಾನ ಮಾಡಿದೆ.

೧೫ ಜನವರಿ, ಶನಿವಾರ

ಒಂದಲ್ಲ, ನಾಲ್ಕು. ಬೊಗ್ಗ, ಚೆನ್ನಿ ಎಂಬ ನಾಯಿಗಳಿಗೂ ಅದೇ ನಾಲಿಗೆ. ಮೋತಿಗೆ ಈಗಷ್ಟೇ ಅಂಚು ಕೆಂಪಾಗಿದೆ. ಐದನೆಯದಾದ ಕೆಂಪಿ ಮಾತ್ರ ಚೆನ್ನಾಗಿದೆಯಂತೆ.

ಭೂತಯ್ಯ ಮುಳ್ಳು ಚುಚ್ಚಿದೆಯೇ ಎಂದು ಹುಡುಕಿದ. ಕಂಬಳಿಹುಳು ನೆಕ್ಕಿರಬಹುದೆಂದು ನಾಯಿಗಳನ್ನು ಕಟ್ಟುವ ಕೊಟ್ಟಿಗೆಯ ಸುತ್ತ ಮರವೆಲ್ಲ ನೋಡಿದ. ಕಪ್ಪೆಯನ್ನು ಕಚ್ಚಿದರೂ ನೊರೆ ಬರುತ್ತದಂತೆ. ಯಾವುದೂ ನಾಲ್ಕಕ್ಕೂ ಒಟ್ಟಿಗೆ ಆಗುವಂಥದ್ದಲ್ಲ. ಬೊಗ್ಗನ ಬಾಯಿಗೆ ಜೇನು ಬೊರಾಕ್ಸು ಹಚ್ಚಬೇಕಾಗಿತ್ತು, ಭೂತಯ್ಯನ ಕೈ ನಡುಗುತ್ತದೆ. ನಾನೇ ಹಚ್ಚಿದೆ. ಕೈ ತೆಗೆಯುವಾಗ ಹಲ್ಲು ತಾಗಿ ತೋರುಬೆರಳು ಗೀರಿತು. ಅಯೋಡಿನ್ ಹಾಕಿಕೊಂಡೆ.

ಮೈಸೂರಿನಲ್ಲಿ ನನಗೆ ಕಲಿಸಿದ ಮೇಟ್ರನ್ ವಿಶಾಲಾಕ್ಷಮ್ಮನವರಿಗೆ ಎಲ್ಲವನ್ನೂ ವಿವರವಾಗಿ ಬರೆದು, ಇಂಥದ್ದನ್ನು ಡಾಕ್ಟರುಗಳು ಯಾರಾದರೂ ಕಂಡಿದ್ದಾರೆಯೇ ಕೇಳಿ ಎಂದೆ. ಕಾಗದ ಹೋಗಿ ಉತ್ತರ ಬರಲು ಒಂದು ತಿಂಗಳು ಬೇಕು.

೧೭ ಜನವರಿ, ಸೋಮವಾರ

ಬೊಗ್ಗ ಸತ್ತಿತು.

ಮಂಜಯ್ಯನವರು ಬಂದೂಕು ಹಿಡಿದೇ ಕೊಟ್ಟಿಗೆಗೆ ಬಂದರು. ಒಳ್ಳೆಯ ಮನುಷ್ಯರು, ಗಟ್ಟಿಯಾಗಿ ಮಾತಾಡುವವರಲ್ಲ. ಸತ್ತ ನಾಯಿಯನ್ನು ದೂರದಿಂದ ನೋಡಿದರು. ಉಳಿದ ಮೂರರ ಬಾಯಿಂದ ಜೊಲ್ಲು ಇಳಿಯುವುದನ್ನು ನೋಡಿದರು.

“ಇದು ಹುಚ್ಚು, ನರ್ಸಮ್ಮ. ನುಂಗೋಕೆ ಆಗಲ್ಲ, ಜೊಲ್ಲು, ಒಂದರಿಂದ ಒಂದಕ್ಕೆ ಹತ್ತಿದೆ. ಲೈನಿನಲ್ಲಿ ನಲವತ್ತು ಮಕ್ಕಳಿದಾವೆ. ನಾನು ಸುಮ್ಮನಿರೋ ಹಾಗಿಲ್ಲ.”

ಭೂತಯ್ಯ ಹೋಗಿ ಬಂಟನ ಮುಂದೆ ಕುಳಿತ. ಗುಂಡು ಹೊಡೆದರೆ ಅವನಿಗೇ ತಾಗುವ ಹಾಗೆ.

“ಏಳು ಮಾರಾಯ. ನನಗೇನು ಖುಷಿನಾ?”

“ಏಳ್ತೀನಿ ಅಯ್ಯ. ಇದು ನನ್ನನ್ನ ಕಚ್ಚಿದ ಮೇಲೆ ಏಳ್ತೀನಿ.”

ಆಗ ನನ್ನ ಬಾಯಿಂದ ಮಾತು ಬಂತು. ನಾನು ಆಡಬೇಕೆಂದು ಯೋಚಿಸಿದ್ದಲ್ಲ. “ಮೂರು ದಿನ ಕೊಡಿ. ಹುಚ್ಚಾದರೆ ಮೂರು ದಿನದಲ್ಲಿ ತಾನೇ ಗೊತ್ತಾಗುತ್ತೆ. ಕಟ್ಟಿ ಹಾಕಿರಲಿ, ಮಕ್ಕಳು ಯಾರೂ ಈ ಕಡೆ ಬರೋದು ಬೇಡ.”

ಅವರ ಕಣ್ಣು ನನ್ನ ಬೆರಳಿನ ಪಟ್ಟಿಯ ಮೇಲೆ ನಿಂತಿತು. “ಇದೇನು?”

ಸುಳ್ಳು ಹೇಳಬಹುದಿತ್ತು. “ಬೊಗ್ಗನ ಹಲ್ಲು ತಾಗಿದ್ದು,” ಅಂದೆ.

ಮಂಜಯ್ಯನವರು ಬಂದೂಕು ಕೆಳಗಿಳಿಸಿದರು. ನೀಲಗಿರಿಯ ಕೂನೂರಿಗೆ ಹೋಗಿ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಳ್ಳಬೇಕು, ನಾಳೆಯೇ ಗಾಡಿ ಕಟ್ಟಿಸುತ್ತೇನೆ ಅಂದರು. ನಾನೂ ಮೂರು ದಿನ ಕಾಯುತ್ತೇನೆ ಅಂದೆ. ನಾಯಿಹುಚ್ಚು ಹಿಡಿದವರನ್ನು ಮೈಸೂರಿನ ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದೇನೆ. ನೀರಿನ ಲೋಟ ಕಂಡರೆ ಅವರ ಗಂಟಲು ಹಿಂಡಿಕೊಳ್ಳುತ್ತಿತ್ತು. ಈಗ ಇಲ್ಲಿ ನನ್ನ ಎದುರಿಗೆ ಒಂದು ಚೊಂಬು ನೀರಿದೆ. ಆಗಾಗ ಒಂದೊಂದು ಗುಟುಕು ಕುಡಿದು ನೋಡುತ್ತಿದ್ದೇನೆ.

೧೮ ಜನವರಿ, ಮಂಗಳವಾರ

ಬೆಳಿಗ್ಗೆ ಮೇಲಿನ ಬ್ಲಾಕಿಗೆ ಹೋದ ಆಳುಗಳು ಅರ್ಧ ದಾರಿಯಿಂದ ಓಡಿ ಬಂದರು. ನಾಯಿಗಳಿಲ್ಲದ್ದು ಕಾಟಿಗಳಿಗೆ ಹೇಗೆ ತಿಳಿಯಿತೋ, ಹನ್ನೆರಡು ದಾರಿಯಲ್ಲೇ ನಿಂತಿದ್ದವಂತೆ. ಹಣ್ಣು ಗಿಡದಲ್ಲೇ ಕಪ್ಪಾಗುತ್ತಿದೆ.

ನಾನು ಕೊಟ್ಟಿಗೆಗೆ ಹೋಗಿ ಬಂಟನ ಮುಂದೆ ಬಟ್ಟಲಲ್ಲಿ ನೀರಿಟ್ಟೆ. ಓಡಲಿಲ್ಲ, ನಡುಗಲಿಲ್ಲ. ಬಟ್ಟಲಿಗೆ ಮೂತಿ ಹಾಕಿತು. ಕುಡಿಯಬೇಕೆಂಬ ಆಸೆಯೆಲ್ಲ ಕಣ್ಣಲ್ಲಿತ್ತು, ನಾಲಿಗೆ ಮಾತ್ರ ಮಡಚಿಕೊಳ್ಳಲಿಲ್ಲ. ನಾಯಿ ನೀರು ಕುಡಿಯುವುದನ್ನು ಇಷ್ಟು ವರ್ಷ ನೋಡಿದ್ದೇನೆ, ನಾಲಿಗೆಯ ತುದಿ ಹಿಂದಕ್ಕೆ ಬಾಗಿ ಸೌಟಾಗುತ್ತದೆ ಅಂತ ಗಮನಿಸಿಯೇ ಇರಲಿಲ್ಲ. ಆ ಸೌಟು ಮುರಿದಿದೆ, ಅಷ್ಟೇ. ಹತ್ತಿಯಲ್ಲಿ ನೀರು ಅದ್ದಿ ಗಂಟಲಿಗೆ ಹಿಂಡಿದೆ. ಬಾಲ ಆಡಿಸಿ ನುಂಗಿತು. ಇದು ಹುಚ್ಚಲ್ಲ.

ಹಾಗಾದರೆ ಏನು? ಭೂತಯ್ಯನನ್ನು ಕೂರಿಸಿಕೊಂಡು ಕೇಳಿದೆ.

“ಕೆಂಪಿಗೆ ಯಾಕೆ ಬರಲಿಲ್ಲ?”

“ಅದು ಬಿಡಿ ಅಮ್ಮ, ಅಲೆಮಾರಿ. ಹೋದ ಮಳೆಗಾಲದಲ್ಲಿ ಒಂದು ನಾಯೀನ ಚಿರತೆ ಹೊತ್ಕೊಂಡು ಹೋದ ಮೇಲೆ, ಕೆಲಸ ಇಲ್ಲದಾಗ ಎಲ್ಲದನ್ನೂ ಕಟ್ಟಿ ಹಾಕ್ತೀನಿ. ಇದು ಹಗ್ಗ ಕಡ್ಕೊಂಡು ಹೋಗ್ತದೆ.”

“ಹೋಗಿ ಏನು ಮಾಡುತ್ತೆ?”

“ಹಳ್ಳದಲ್ಲಿ ಏಡಿ ಹಿಡೀತದೆ. ಗದ್ದೇಲಿ ಇಲಿ. ಗಂಜಿ ಮೂಸಿನೂ ನೋಡಲ್ಲ.”

“ಗಂಜಿ ಯಾವುದು?”

“ಮುಸುಕಿನ ಜೋಳದ ಹಿಟ್ಟಿಂದು. ಮೊದಲು ನುಚ್ಚಕ್ಕಿ ಇತ್ತು, ಅಯ್ಯನ ಮನೆಯಿಂದ ಮೀನಿನ ತಲೆ, ಮೂಳೆ ಬರ್ತಿತ್ತು. ಯುದ್ಧ ಬಂದು ಅಕ್ಕಿ ನಿಂತ ಮೇಲೆ ಐದಾರು ತಿಂಗಳಿಂದ ಇದೇ. ಹೊಟ್ಟೆ ತುಂಬ ಹಾಕ್ತೀನಿ ಅಮ್ಮ. ಒಂದು ದಿನಾನೂ ಕಮ್ಮಿ ಮಾಡಿಲ್ಲ.”

ಹೊಟ್ಟೆ ತುಂಬ. ಆ ಮಾತನ್ನೇ ಇಡೀ ಸಂಜೆ ಯೋಚಿಸಿದೆ. ರಕ್ತವಿಲ್ಲದೆ ಬಿಳಿಚಿಕೊಂಡ ಬಸುರಿಯರು ಆಸ್ಪತ್ರೆಗೆ ಬರುತ್ತಿದ್ದರು. ಅವರೂ ಹೊಟ್ಟೆ ತುಂಬ ಉಣ್ಣುತ್ತಿದ್ದವರೇ. ವಿಶಾಲಾಕ್ಷಮ್ಮನವರು ಅವರಿಗೆ ಕುರಿಯ ಲಿವರಿನ ರಸ ಕುಡಿಸುತ್ತಿದ್ದರು. ನಾನು ಆ ಪಾತ್ರೆ ಮುಟ್ಟಲಾರೆನೆಂದು ಬೇರೆಯವರಿಗೆ ವಹಿಸಿ ಹೊರಗೆ ನಿಲ್ಲುತ್ತಿದ್ದೆ.

೧೯ ಜನವರಿ, ಬುಧವಾರ

ಮಂಜಯ್ಯನವರ ಮನೆಗೆ ನೆಂಟರು ಬಂದು ಕುರಿ ಕಡಿದಿದ್ದರು. ಹೋಗಿ ಲಿವರ್ ಬೇಕು ಅಂದೆ. ಇಲ್ಲಿ ಅದಕ್ಕೆ ಈಲಿ ಅನ್ನುತ್ತಾರೆ.

“ನೀವು ಲಿಂಗಾಯತರಲ್ವಾ?” ಅಂದರು ಮಂಜಯ್ಯನವರು.

“ನನಗಲ್ಲ, ಬಂಟನಿಗೆ.”

ನಕ್ಕರು. ಆಮೇಲೆ ನಗು ನಿಲ್ಲಿಸಿ ತಾವೇ ಒಳಗೆ ಹೋಗಿ ಬಾಳೆಲೆಯಲ್ಲಿ ತಂದುಕೊಟ್ಟರು.

ಒಂದು ಕುರಿಯದು ಎರಡು ನಾಯಿಗೆ ಸಾಲುವಷ್ಟೇ ಇತ್ತು. ತೀರಾ ಕೆಟ್ಟ ಸ್ಥಿತಿಯಲ್ಲಿದ್ದ ಬಂಟ, ಚೆನ್ನಿಗೆ ಅರೆದು ನೀರು ಮಾಡಿ ಗಂಟಲಿಗೆ ಹೊಯ್ದೆವು. ಮೋತಿಗೆ ಕೊಡಲಿಲ್ಲ. ಮೋತಿ ನನ್ನ ಕೈಯನ್ನೇ ಮೂಸುತ್ತಿತ್ತು. ಮುಖ ತಿರುಗಿಸಿಕೊಂಡೆ. ಕೈಗೆ ಎಷ್ಟು ಸೋಪು ಹಾಕಿದರೂ ಆ ವಾಸನೆ ಹೋಗಲಿಲ್ಲ. ಊಟ ಬೇಡವೆನಿಸಿತು.

೨೦ ಜನವರಿ, ಗುರುವಾರ

ಗಡುವಿನ ದಿನ. ಮಂಜಯ್ಯನವರು ಬೆಳಿಗ್ಗೆಯೇ ಬಂದರು, ಬಂದೂಕನ್ನು ಗೋಡೆಗೆ ಒರಗಿಸಿ ಮರದ ದಿಮ್ಮಿಯ ಮೇಲೆ ಕುಳಿತರು. ಭೂತಯ್ಯ ಬಂಟನ ದವಡೆ ಬಿಡಿಸಿದ.

ವಾಸನೆ ಇರಲಿಲ್ಲ. ಮೊದಲು ನನಗೆ ತಿಳಿದದ್ದು ಅದೇ. ಸೆರಗಿಗೆ ಕೈ ಹೋಗಿತ್ತು, ಹಾಗೇ ನಿಂತಿತು. ಜೊಲ್ಲು ನಿಂತಿದೆ. ನೀಲಿಗಪ್ಪು ಅಂಚಿಗೂ ಒಳಗಿನ ಕೆಂಪಿಗೂ ನಡುವೆ, ಉಗುರಿನ ಬುಡದಷ್ಟು ತೆಳ್ಳಗೆ, ಒಂದು ಗುಲಾಬಿ ಗೆರೆ ಬಂದಿದೆ. ನಿನ್ನೆ ಮಧ್ಯಾಹ್ನ ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತು ಗಂಟೆಯೂ ಆಗಿಲ್ಲ. ಯಾವ ಮುಲಾಮೂ ಯಾವ ಮನುಷ್ಯನಲ್ಲೂ ಇಷ್ಟು ಬೇಗ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ನೆಲದ ಮೇಲೇ ಕುಳಿತೆ, ಸಗಣಿ ಸಾರಿಸಿದ ನೆಲ, ಅದರ ಮೇಲೆ.

“ಏನಮ್ಮಾ? ಏನು ಕಾಣ್ಸುತ್ತೆ?” ಭೂತಯ್ಯ ಕೇಳುತ್ತಲೇ ಇದ್ದ.

“ಚಿಗುರ್ತಾ ಇದೆ,” ಅಂದೆ. ಬೇರೆ ಮಾತು ಸಿಗಲಿಲ್ಲ.

ಮೋತಿಯ ಅಂಚು ಕಪ್ಪಾಗುತ್ತಿದೆ. ಅದಕ್ಕೂ ಬಾಯಿ ತೊಳೆದಿದ್ದೇವೆ, ಜೇನು ಹಚ್ಚಿದ್ದೇವೆ. ಈಲಿ ಒಂದನ್ನು ಬಿಟ್ಟು ಎಲ್ಲ ಮಾಡಿದ್ದೇವೆ. ಮಂಜಯ್ಯನವರು ಬಂಟ, ಮೋತಿ ಎರಡರ ಬಾಯಿಗೂ ತಾವೇ ಬಗ್ಗಿ ನೋಡಿದರು. ಬಂದೂಕು ತೆಗೆದುಕೊಂಡು ಕಾಡಿನ ಕಡೆ ನಡೆದರು. ಮಧ್ಯಾಹ್ನ ಒಂದು ಹಂದಿ ಹೊಡೆದು ತರಿಸಿ, ಅದರ ಈಲಿಯನ್ನು ಇನ್ನೂ ಬೆಚ್ಚಗಿರುವಾಗಲೇ ಕಳಿಸಿಕೊಟ್ಟರು.

೨೨ ಜನವರಿ, ಶನಿವಾರ

ಬಂಟ ತಾನೇ ನೀರು ಕುಡಿಯಿತು. ಲಪ್ ಲಪ್ ಎಂಬ ಆ ಸದ್ದನ್ನು ನಾನೂ ಭೂತಯ್ಯನೂ ಕೈಕಟ್ಟಿ ನಿಂತು ಕೇಳಿದೆವು.

೨೬ ಜನವರಿ, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಗಿಡ್ಡಮ್ಮನ ಅತ್ತೆ ಮುತ್ತಮ್ಮ ಡಿಸ್ಪೆನ್ಸರಿಗೆ ಬಂದಳು, ಮಗುವನ್ನು ಎತ್ತಿಕೊಂಡು. ಮಗುವಿಗೆ ಹಸುವಿನ ಹಾಲು ಎಷ್ಟು ನೀರು ಬೆರೆಸಿ ಕೊಡಬೇಕು ಎಂದು ಕೇಳಲು. ತಾಯಿ ಎಲ್ಲಿ ಎಂದೆ. ಸೊಸೆಗೆ ಗಾಳಿ ಸೋಕಿದೆ, ಮಗು ಯಾರದ್ದು ಅಂತ ಕೇಳುತ್ತಾಳೆ, ನಿನ್ನೆ ಕಾಡಿನ ಕಡೆ ಹೊರಟಿದ್ದಳು, ಕಟ್ಟಿ ಹಾಕಿದ್ದೇವೆ, ನಾಡಿದ್ದು ತವರಿಗೆ ಕಳಿಸಿಬಿಡುತ್ತೇವೆ ಎಂದಳು. ಹೇಳುತ್ತ ಅತ್ತಳು.

ಆರು ತಿಂಗಳಲ್ಲಿ ಮೊದಲ ಸಲ ಲೈನಿಗೆ ಹೋದೆ. ಗಿಡ್ಡಮ್ಮನ ಸೊಂಟಕ್ಕೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿದಿದ್ದರು. ಕೊರಳ ಸುತ್ತ ಆ ಕಪ್ಪು ಚರ್ಮ ಸರ ಹಾಕಿದ ಹಾಗೆ. ಬಾಯಿಯ ಕೊನೆಯಲ್ಲಿ ಜೊಲ್ಲು.

“ಗಿಡ್ಡಮ್ಮ, ನಾಲಿಗೆ ತೋರಿಸು.”

ನನ್ನ ಮಾತು ಅವಳಿಗೆ ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತು ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ನಾನೇ ಬಾಯಿ ಬಿಡಿಸಿದೆ. ಕೆಂಡದಂಥ ಕೆಂಪು ನಾಲಿಗೆ. ಬಾತು, ಅಂಚಿನಲ್ಲಿ ಹಲ್ಲಿನ ಗುರುತುಗಳು. ಬಂಟನದ್ದನ್ನು ಮೊದಲ ದಿನ ಮೆಟ್ಟಿಲ ಮೇಲೆ ಕುಳಿತು ನೋಡಿದ್ದೆನಲ್ಲ, ಅದೇ.

ಎರಡು ತಿಂಗಳಿಂದ ಈ ಹೆಂಗಸು ನನ್ನ ಬಾಗಿಲಿಗೆ ಬಂದಿದ್ದಾಳೆ. ಒಂದು ಸಲವೂ ನಾನು ಬಾಯಿ ತೆರೆ ಅನ್ನಲಿಲ್ಲ. ಎಲೆಯಡಿಕೆ ಬಾಯಿ, ಮುಟ್ಟುವುದೇಕೆಂದು ಕೈಗೆ ಮುಲಾಮು ಕೊಟ್ಟು ಕಳಿಸಿದೆ. ಇವಳದ್ದಕ್ಕಿಂತ ಮೊದಲು ನಾಯಿಯ ಬಾಯಿಯನ್ನು ನೋಡಿದೆ.

ಏನು ಉಣ್ಣುತ್ತಾಳೆ ಎಂದು ಮುತ್ತಮ್ಮನನ್ನು ಕೇಳಿದೆ. “ನಾವೆಲ್ಲ ಒಣಮೀನು, ಹುರುಳಿ ಸಾರು ಸ್ವಲ್ಪ ಉಣ್ತೀವಿ. ಇವಳು ಬಾಣಂತಿ ಅಲ್ವಾ ಅಮ್ಮ. ಮಗನೂ ಊರಲ್ಲಿಲ್ಲ, ಇವಳಿಗೇನಾದ್ರೂ ಆದ್ರೆ ಅವನಿಗೆ ಏನು ಹೇಳ್ಲಿ? ಹೆತ್ತಾಗಿಂದ ಒಂದು ದಿನ ಪಥ್ಯ ಬಿಡಿಸಿಲ್ಲ. ಜೋಳದ ಗಂಜಿ, ಉಪ್ಪು, ಕಾಳುಮೆಣಸು.”

ಇಷ್ಟು ಪ್ರೀತಿಯಿಂದ.

೨೭ ಜನವರಿ, ಗುರುವಾರ

ಮಂಜಯ್ಯನವರಲ್ಲಿ ಹೇಳಿ ಆಡಿನ ಈಲಿ ತರಿಸಿದೆ. ಮುತ್ತಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನಾಯಿಗೆ ಹಾಕಿದ್ದನ್ನೇ ನನ್ನ ಸೊಸೆಗೆ ಹಾಕ್ತೀರಾ?”

“ಹೌದು ಮುತ್ತಮ್ಮ. ನಾಯಿ ಬದುಕಿದ್ದನ್ನ ಕಣ್ಣಾರೆ ನೋಡಿದೆ.”

“ಬಾಣಂತಿ ಹೊಟ್ಟೆಗೆ ಮಾಂಸ ಬಿದ್ದರೆ ನಂಜಾಗುತ್ತೆ. ಸತ್ರೆ ಯಾರು ಹೊಣೆ?”

“ನಾನು.”

ಮುತ್ತಮ್ಮ ನನ್ನ ಕೊರಳಿನ ಕರಡಿಗೆಯನ್ನು ನೋಡಿದಳು. “ಲಿಂಗ ಕಟ್ಟಿದೋರು ನೀವು. ಇದನ್ನ ಬೇಯಿಸೋರು ಯಾರು?”

ನಾನೇ ಎಂದು ಹೇಳಿ ಅವರ ಒಲೆಯ ಮುಂದೆ ಕುಳಿತೆ. ಹೇಗೆ ಹಿಡಿಯಬೇಕೆಂದೂ ಗೊತ್ತಿರಲಿಲ್ಲ, ಕೈಯಿಂದ ಜಾರಿತು. ಎರಡು ಸಲ ಜಾರಿದ ಮೇಲೆ ಮುತ್ತಮ್ಮ ಪಕ್ಕಕ್ಕೆ ಬಂದು ಕುಳಿತಳು. “ಮೇಲಿನ ಪೊರೆ ತೆಗೀಬೇಕಮ್ಮ, ಇಲ್ಲದಿದ್ದರೆ ಕಹಿ ಆಗುತ್ತೆ. ಕೊಡಿ ಇಲ್ಲಿ. ಹೀಗೆ.” ಇಬ್ಬರೂ ಸೇರಿ ಬೇಯಿಸಿ, ಅರೆದು, ಗಂಜಿಗೆ ಕಲಸಿದೆವು. ಚಮಚದಿಂದ ಹಾಕಿದರೆ ಗಿಡ್ಡಮ್ಮ ಉಗಿದಳು. ಮುತ್ತಮ್ಮ ಬೆರಳಿನಿಂದ, ಮಗುವಿಗೆ ಉಣ್ಣಿಸುವ ಹಾಗೆ, ಒಂದು ಗಂಟೆ ಕುಳಿತು ಉಣ್ಣಿಸಿದರು.

೩೦ ಜನವರಿ, ಭಾನುವಾರ

ಮೂರು ದಿನ, ದಿನಕ್ಕೆ ಎರಡು ಸಲ. ಈಲಿ ಸಿಗದ ಹೊತ್ತು ಒಣಮೀನು ಕುಟ್ಟಿ, ಕಡಲೆಕಾಯಿ ಹುರಿದು ಅರೆದು. ಭೇದಿ ಕಡಿಮೆಯಾಗಿದೆ. ನಾಲಿಗೆಯ ಬಾವು ಇಳಿದಿದೆ. ಹಗ್ಗ ಬಿಚ್ಚಿಸಿದೆ. ಗಿಡ್ಡಮ್ಮ ಗೋಡೆಗೆ ಒರಗಿ ಸುಮ್ಮನೆ ಕೂರುತ್ತಾಳೆ. ಮಗು ಅತ್ತರೆ ಆ ಕಡೆ ನೋಡುವುದಿಲ್ಲ. ನಾಲಿಗೆಯನ್ನು ಬೆಳಕಿಗೆ ಹಿಡಿದು ನೋಡಬಹುದು. ಮನಸ್ಸನ್ನು ಹೇಗೆ ನೋಡುವುದು? ಅದಕ್ಕೂ ಅಂಚು ಇದೆಯೇ, ಅದೂ ಚಿಗುರುತ್ತದೆಯೇ?

ಸಂಜೆ ಭೂತಯ್ಯನವರು ಹಳ್ಳದ ಏಡಿ ಒಂದು ಕುಕ್ಕೆ ತಂದುಕೊಟ್ಟರು. “ಕೆಂಪಿ ತೋರಿಸಿದ ಜಾಗದಲ್ಲೇ ಹಿಡಿದಿದ್ದು,” ಎಂದರು. ಅವರ ಮುಖ ನೋಡಿದರೆ ತಮಾಷೆಗೆ ಹೇಳಿದ್ದಲ್ಲ.

೫ ಫೆಬ್ರವರಿ, ಶನಿವಾರ

ಮಧ್ಯಾಹ್ನ ನಾನೂ ಮುತ್ತಮ್ಮನವರೂ ಒಲೆಯ ಹತ್ತಿರ ಕಡಲೆಕಾಯಿ ಸುಲಿಯುತ್ತಿದ್ದೆವು. ಹೊರಗೆ ತೊಟ್ಟಿಲಲ್ಲಿ ಮಗು ಅಳುತ್ತಿತ್ತು. ನಾವು ಏಳಲು ಸ್ವಲ್ಪ ತಡಮಾಡಿದೆವು.

“ಅತ್ತೆ, ಪುಟ್ಟಿ ಅಳ್ತಾ ಇದೆ. ಕೇಳಲ್ವಾ ನಿಮಗೆ?”

ಗಿಡ್ಡಮ್ಮನ ದನಿ. ಸ್ವಲ್ಪ ಸಿಡುಕು ಕೂಡ ಇತ್ತು, ಕೆಲಸದ ನಡುವೆ ಯಾವ ತಾಯಿಗೂ ಬರುವಂಥದ್ದು. ಮುತ್ತಮ್ಮನವರ ಕೈಯಿಂದ ಮೊರ ಬಿತ್ತು. ಗಿಡ್ಡಮ್ಮ ಗೋಡೆ ಹಿಡಿದು ಎದ್ದು, ನಿಧಾನವಾಗಿ ಹೊರಗೆ ಹೋಗಿ, ಮಗುವನ್ನು ಎತ್ತಿಕೊಂಡಳು. ಇಷ್ಟು ದೊಡ್ಡದಾಗಿಬಿಟ್ಟಿದೆಯಲ್ಲ ಅಂದಳು.

ಎಲ್ಲಿಗೆ ಹೋಗಿದ್ದಳು ಇವಳು? ಯಾವ ದಾರಿಯಿಂದ ಹಿಂದೆ ಬಂದಳು? ಒಂದು ಹಿಡಿ ಆಹಾರಕ್ಕೂ ಒಬ್ಬ ತಾಯಿ ತನ್ನ ಮಗುವನ್ನು ಗುರುತಿಸುವುದಕ್ಕೂ ನಡುವೆ ಇರುವ ಆ ದಾರಿ ನಮ್ಮೆಲ್ಲರ ಒಳಗೂ ಇದೆ, ದಿನವೂ ಅದರ ಮೇಲೆ ನಡೆಯುತ್ತೇವೆ, ಕಾಣುವುದೇ ಇಲ್ಲ. ನಾನು ಪೂಜೆಯಲ್ಲಿ ಕಣ್ಣು ಮುಚ್ಚಿ ಕುಳಿತಾಗಲೂ ಮನಸ್ಸು ಹೀಗೆ ಸ್ತಬ್ಧವಾದದ್ದು ನೆನಪಿಲ್ಲ. ನಾನು ಮೊರ ಎತ್ತಿ, ಚೆಲ್ಲಿದ ಕಡಲೆಕಾಯಿ ಆರಿಸಿದೆ.

೬ ಫೆಬ್ರವರಿ, ಭಾನುವಾರ

ಬೆಳಗಾಗುವ ಹೊತ್ತಿಗೆ ಭೂತಯ್ಯನವರ ಜೊತೆ ಮೇಲಿನ ಬ್ಲಾಕಿಗೆ ಹೋದೆ. ನಾಯಿಗಳು ಕೆಲಸಕ್ಕೆ ಹೊರಟ ಮೊದಲ ದಿನ, ನೋಡಲೇಬೇಕೆನಿಸಿತು. ಮಂಜಿನಲ್ಲಿ ಮೊದಲು ಕಂಡದ್ದು ಬಿಳಿ ಕಾಲುಗಳು ಮಾತ್ರ. ಮಂಜು ಸರಿದಂತೆ ಆ ಕಾಲುಗಳ ಮೇಲೆ ಬಂಡೆಯಂಥ ಮೈಗಳು ನಿಂತಿದ್ದವು. ಅವುಗಳ ಉಸಿರು ನನಗೆ ಕೇಳುತ್ತಿತ್ತು. ಬಂಟ ಓಡಲಿಲ್ಲ. ಒಂದೊಂದೇ ಹೆಜ್ಜೆ ಹೋಗಿ ಎದುರು ನಿಂತು, ತಲೆಯೆತ್ತಿ ಬೊಗಳಿತು. ಆ ಕಾಟಿಯ ಒಂದು ಕಾಲಿನಷ್ಟಿಲ್ಲ ಅದರ ಮೈ. ಚೆನ್ನಿ, ಮೋತಿ ಎರಡು ಕಡೆಯಿಂದ. ಕೆಂಪಿ ಎಲ್ಲಿತ್ತೋ, ಹಿಂದಿನಿಂದ. ಮುಂದಿನ ಕಾಟಿ ತಲೆ ತಗ್ಗಿಸಿ ಒಮ್ಮೆ ನೆಲ ಕೆರೆಯಿತು. ಆಮೇಲೆ ಹಿಂಡು ಹಿಂಡೇ ತಿರುಗಿ ಕಾಡಿಗೆ ಇಳಿಯಿತು. ಅವು ಹೋದ ಮೇಲೂ ನೆಲದ ಅದುರಾಟ ನನ್ನ ಅಂಗಾಲಿನಲ್ಲಿ ಉಳಿದಿತ್ತು.

ಬಂಟ ಹಿಂದೆ ಬಂದು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟಿತು. ಅಂಚಿನಲ್ಲಿ ಒಂದು ಕಚ್ಚು ಉಳಿದಿದೆ, ಸತ್ತ ಭಾಗ ಉದುರಿದ ಜಾಗ. ಉಳಿದದ್ದೆಲ್ಲ ಹೊಸದು. ನನ್ನ ಕೈ ನೆಕ್ಕಿತು. ಬೆಚ್ಚಗೆ, ಸ್ವಲ್ಪ ಒರಟಾಗಿ. ಹಾಗೇ ಬಂದು ಒಲೆ ಹಚ್ಚಿ ತಿಂಡಿ ಮಾಡಿಕೊಂಡೆ. ಹಸಿವು ಬಹಳವಾಗಿತ್ತು.

೧೨ ಫೆಬ್ರವರಿ, ಶನಿವಾರ

ವಿಶಾಲಾಕ್ಷಮ್ಮನವರ ಉತ್ತರ ಬಂತು. ಆಸ್ಪತ್ರೆಯ ಡಾಕ್ಟರನ್ನು ಕೇಳಿದರಂತೆ. ನಾಯಿಗಳ ಈ ರೋಗಕ್ಕೆ ಪುಸ್ತಕಗಳಲ್ಲಿ ‘ಕಪ್ಪು ನಾಲಿಗೆ’ ಎಂದೇ ಹೆಸರಂತೆ. ಜೋಳವನ್ನೇ ನಂಬಿ ಬದುಕುವ ಬಡಜನರಿಗೂ ಇದೇ ಕೊರತೆಯಿಂದ ಚರ್ಮ, ಹೊಟ್ಟೆ, ಬುದ್ಧಿ ಮೂರೂ ಕೆಡುತ್ತವಂತೆ. ಅದಕ್ಕೆ ಈಗ ಒಂದು ಔಷಧವೂ ಇದೆ, ಯುದ್ಧದಿಂದಾಗಿ ಸಿಗುವುದು ಕಷ್ಟ. ಈಲಿ, ಮೀನು, ಕಡಲೆಕಾಯಿ ಕೊಡು ಎಂದು ಬರೆದಿದ್ದರು. ಹಿಂದೆ ಆ ಪಾತ್ರೆ ಮುಟ್ಟದೆ ಹೊರಗೆ ನಿಂತವಳಿಗೆ ಬರೆದಿದ್ದರು, ‘ಕೊಡು’ ಎಂದು.

ಕಾಗದವನ್ನು ಮಂಜಯ್ಯನವರಿಗೆ ಓದಿ ಹೇಳಿದೆ. ಅವರ ಮುಖ ಬಾಡಿತು.

“ನಾಯಿಗೂ ಆಳಿಗೂ ಒಂದೇ ಮೂಟೆಯಿಂದ ಅಳೆದು ಕೊಡಿ ಅಂದವನು ನಾನೇ. ಹೊಟ್ಟೆಗೆ ಬಿದ್ದರೆ ಸಾಕು ಅಂದ್ಕೊಂಡೆ.”

“ಯಾರಿಗೂ ಗೊತ್ತಿರಲಿಲ್ಲ ಅಯ್ಯನವರೇ. ನನಗೂ.”

“ಲೈನಿನಲ್ಲಿ ಇನ್ನೆಷ್ಟು ಜನಕ್ಕಿದೆ?”

“ನಾಲಿಗೆ ನೋಡದೆ ಹೇಳೋಕಾಗಲ್ಲ.”

“ಹಾಗಾದರೆ ನಾಳೆ ಎಲ್ಲರದ್ದೂ ನೋಡಿ,” ಅಂದರು. ಶೇಷಪ್ಪನನ್ನು ಕರೆದು, ಸೋಮವಾರವೇ ಗಾಡಿ ಕಟ್ಟಿ ಒಣಮೀನು, ಕಡಲೆಕಾಯಿ, ಹುರುಳಿ ತರಬೇಕೆಂದು ಹೇಳಿದರು.

೧೩ ಫೆಬ್ರವರಿ, ಭಾನುವಾರ

ಕಾಫಿ ಒಣಗಿಸುವ ಕಣದಲ್ಲಿ ಸಾಲು ನಿಂತರು. ನೂರ ಅರವತ್ತು ಜನ. ನಾಲಿಗೆ ತೋರಿಸುವುದೆಂದರೆ ಎಲ್ಲರಿಗೂ ನಾಚಿಕೆ. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು, ಯಾರೂ ಮುಂದೆ ಬರಲೊಲ್ಲರು. ಆಗ ಮಂಜಯ್ಯನವರು ರುಮಾಲು ತೆಗೆದು ಕೈಯಲ್ಲಿ ಹಿಡಿದು, ಎಲ್ಲರಿಗಿಂತ ಮುಂದೆ ಬಂದು ನನ್ನ ಎದುರು ನಿಂತು, ಅಷ್ಟು ಜನರ ಮುಂದೆ ನಾಲಿಗೆ ಹೊರಚಾಚಿದರು. ನಗು ನಿಂತಿತು. ಅವರ ಹಿಂದೆ ಶೇಷಪ್ಪ, ಆಮೇಲೆ ಮೇಸ್ತ್ರಿ, ಆಮೇಲೆ ಎಲ್ಲರೂ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೋಡಿದೆ. ಒಂದರಂತೆ ಒಂದಿಲ್ಲ. ಕೆಲವು ಅಗಲ, ಕೆಲವು ಎಲೆಯ ಹಾಗೆ ಚೂಪು, ನಡುವೆ ಗೆರೆ ಇದ್ದವು, ಎಲೆಯಡಿಕೆಗೆ ಕೆಂಪಾದವು, ಬೆಲ್ಲ ತಿಂದು ಬಂದ ಮಕ್ಕಳವು. ಈ ಒಂದು ತುಂಡು ಮಾಂಸ ರುಚಿ ನೋಡುತ್ತದೆ, ಬೈಯುತ್ತದೆ, ಜೋಗುಳ ಹಾಡುತ್ತದೆ. ಯಾರೂ ಕೇಳದಿದ್ದರೆ ಒಳಗಿನ ಹಸಿವನ್ನು ತನ್ನ ಮೈಮೇಲೇ ಬರೆದುಕೊಂಡು ಕಾಯುತ್ತದೆ. ಹದಿಮೂರು ಜನರ ಅಂಚು ಕೆಂಪಾಗಿತ್ತು. ಅವರ ಹೆಸರು ಬರೆದುಕೊಂಡೆ: ರಂಗಮ್ಮ, ಹುಚ್ಚಮ್ಮ, ದೇವೀರಮ್ಮ, ರೇವಣ್ಣ... ಯಾರಿಗೂ ತಡವಾಗಿಲ್ಲ.

ಸಾಲು ಮುಗಿಯಿತೆಂದು ಪುಸ್ತಕ ಮುಚ್ಚಿದೆ. ಗಿಡ್ಡಮ್ಮ ಹೋಗದೆ ಅಲ್ಲೇ ನಿಂತಿದ್ದಳು, ಮಗು ಸೊಂಟದಲ್ಲಿ.

“ನಿಮ್ಮದು ಯಾರು ನೋಡಿದ್ರು ಅಮ್ಮಾ?”

“ನನಗೇನಾಗಿದೆ?”

“ನೀವೂ ಒಬ್ಬರೇ ಬೇಯಿಸ್ಕೊಂಡು ಉಣ್ಣೋರು. ಏನು ಉಣ್ತೀರೋ ಏನೋ.” ಮಗುವನ್ನು ಮುತ್ತಮ್ಮನವರ ಕೈಗೆ ಕೊಟ್ಟು ಹತ್ತಿರ ಬಂದಳು. ಸಿಪ್ಪೆ ಎದ್ದು ಒಳಗಿನಿಂದ ಹೊಸ ಚರ್ಮ ಬರುತ್ತಿರುವ ಕೈ. ಆ ಕೈಯಿಂದ ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. “ಎಲ್ಲಿ, ತೋರಿಸಿ.”

ತೋರಿಸಿದೆ. ಕಣ್ಣು ಕಿರಿದು ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಬಹಳ ಹೊತ್ತು ನೋಡಿದಳು.

“ಸ್ವಲ್ಪ ಬಿಳಿಚಿದೆ,” ಅಂದಳು. “ಇವತ್ತು ನಮ್ಮಲ್ಲಿ ಹುರುಳಿ ಸಾರು. ಬನ್ನಿ.”

ಹೋದೆ.